ಪ್ಯಾರಾಥೈರಾಯಿಡ್ ಗ್ರಂಥಿಗಳೂ ಮೂಳೆಗಳ ಆರೋಗ್ಯವೂ



ನಮ್ಮ ಶರೀರದಲ್ಲಿ ಸ್ಥಿರವಾದುದು ಯಾವುದೆಂದು ಕೇಳಿದರೆ ಬಹುಮಂದಿ ಮೂಳೆಯೆಂದೇ ಉತ್ತರ ಕೊಡುವರು. ರಕ್ತವು ಎಡೆಬಿಡದೆ ಹರಿಯುತ್ತದೆ. ಚರ್ಮವು ಸವೆದು ಹೊಸದಾಗುತ್ತದೆ. ಮಾಂಸವು ಬೆಳೆಯುತ್ತದೆ, ಕರಗುತ್ತದೆ. ಮೂಳೆಯಾದರೋ ಮನೆಯ ಕಂಬದಂತೆ ಒಮ್ಮೆ ನಿಲ್ಲಿಸಿದ ಮೇಲೆ ಕಡೆಯವರೆಗೂ ಹಾಗೆಯೇ ನಿಂತಿರುವುದೆಂದು ನಾವು ಭಾವಿಸುತ್ತೇವೆ. ಮನುಷ್ಯನು ಸತ್ತು ನೂರಾರು ವರ್ಷಗಳಾದ ಮೇಲೂ ಮಣ್ಣಿನಲ್ಲಿ ಉಳಿದಿರುವುದು ಅದೇ ಆದುದರಿಂದ ಈ ಭಾವನೆಯು ಸಹಜವೇ ಆಗಿದೆ. ಆದರೆ ಇದು ನಿಜವಲ್ಲ. ಬದುಕಿರುವ ಮನುಷ್ಯನ ಮೂಳೆಯೂ ಬದುಕಿರುವ ವಸ್ತುವೇ. ಅದರಲ್ಲಿ ರಕ್ತನಾಳಗಳುಂಟು, ನರಗಳುಂಟು, ಜೀವಕಣಗಳುಂಟು. ಈ ಜೀವಕಣಗಳಲ್ಲಿ ಒಂದು ಬಗೆಯವು ಹಳೆಯ ಮೂಳೆಯನ್ನು ಕರಗಿಸುತ್ತಲೂ, ಇನ್ನೊಂದು ಬಗೆಯವು ಆ ಸ್ಥಳದಲ್ಲಿ ಹೊಸ ಮೂಳೆಯನ್ನು ಕಟ್ಟುತ್ತಲೂ ಇರುತ್ತವೆ. ವಯಸ್ಕನಾದವನ ಅಸ್ಥಿಪಂಜರದಲ್ಲಿ ವರ್ಷಕ್ಕೆ ಸುಮಾರು ಹತ್ತರಲ್ಲೊಂದು ಪಾಲು ಹೀಗೆ ಒಡೆದು ಕಟ್ಟಲ್ಪಡುತ್ತದೆ. ಒಡೆಯುವುದೂ ಕಟ್ಟುವುದೂ ಸರಿಸಮನಾಗಿ ನಡೆಯುವವರೆಗೆ ನಮಗೆ ಅದರ ಅರಿವೇ ಇರುವುದಿಲ್ಲ.

ಈ ಸಮತೂಕವನ್ನು ಕಾಪಾಡುವವರಲ್ಲಿ ಮುಖ್ಯರಾದವರು ಕತ್ತಿನಲ್ಲಿ ಅಡಗಿರುವ ನಾಲ್ಕು ಪುಟ್ಟ ಗ್ರಂಥಿಗಳು. ಒಂದೊಂದೂ ಅಕ್ಕಿಯ ಕಾಳಿಗಿಂತ ಬಹಳ ದೊಡ್ಡದಲ್ಲ. ತೂಕವು ೩೦ರಿಂದ ೫೦ ಮಿಲಿಗ್ರಾಂ. ಇಷ್ಟು ಸಣ್ಣ ವಸ್ತುವಿನಲ್ಲೊಂದು ಅಂಕೆ ತಪ್ಪಿ ಕೆಲಸ ಮಾಡತೊಡಗಿದರೆ ಆರಡಿ ಎತ್ತರದ ಮನುಷ್ಯನ ಎಲುಬುಗಳೆಲ್ಲ ಟೊಳ್ಳಾಗಬಹುದು. ಇದು ಹೇಗೆ ಆಗುತ್ತದೆ, ಹೀಗಾದುದನ್ನು ವೈದ್ಯರು ಹೇಗೆ ಕಂಡುಕೊಂಡರು, ಇಂದು ಅದಕ್ಕಿರುವ ಪರಿಹಾರವೇನು ಎಂಬುದನ್ನು ವಿವರಿಸುವುದೇ ಈ ಉಪನ್ಯಾಸದ ಉದ್ದೇಶ. ವಿಷಯವು ಶಾಸ್ತ್ರೀಯವಾದರೂ ಮನೆಮನೆಗೆ ಸಂಬಂಧಿಸಿದುದು. ಏಕೆಂದರೆ ಈ ರೋಗದಿಂದ ಬರುವ ನೋವನ್ನು ನಮ್ಮಲ್ಲಿ ಅನೇಕರು ವಯಸ್ಸಿನ ನೋವೆಂದು ಸುಮ್ಮನೆ ಸಹಿಸಿಕೊಂಡುಬಿಡುತ್ತಾರೆ.

ಮೊದಲು ಮೂಳೆಯಲ್ಲಿರುವ ಪದಾರ್ಥವನ್ನು ನೋಡೋಣ. ಮೂಳೆಗೆ ಗಡಸುತನವನ್ನು ಕೊಡುವುದು ಕ್ಯಾಲ್ಸಿಯಂ ಎಂಬ ಧಾತುವೂ ರಂಜಕವೂ ಕೂಡಿದ ಲವಣ. ಕ್ಯಾಲ್ಸಿಯಂ ನಮಗೆ ಅಪರಿಚಿತವಾದುದಲ್ಲ. ಗೋಡೆಗೆ ಬಳಿಯುವ ಸುಣ್ಣದಲ್ಲಿಯೂ ವೀಳ್ಯದೆಲೆಗೆ ಸವರುವ ಸುಣ್ಣದಲ್ಲಿಯೂ ಇರುವುದು ಅದೇ. ವಯಸ್ಕನ ದೇಹದಲ್ಲಿ ಸುಮಾರು ಒಂದು ಕಿಲೋಗ್ರಾಮಿನಷ್ಟು ಕ್ಯಾಲ್ಸಿಯಂ ಇದೆ. ಅದರಲ್ಲಿ ನೂರಕ್ಕೆ ತೊಂಬತ್ತೊಂಬತ್ತು ಪಾಲು ಎಲುಬು ಹಲ್ಲುಗಳಲ್ಲಿಯೇ ಸೇರಿಕೊಂಡಿರುತ್ತದೆ. ಉಳಿದ ಒಂದು ಪಾಲು ರಕ್ತದಲ್ಲಿಯೂ ಇತರ ಅಂಗಾಂಶಗಳಲ್ಲಿಯೂ ಹರಡಿದೆ. ಈ ಒಂದು ಪಾಲು ಮಾಡುವ ಕೆಲಸ ಅತಿ ಮಹತ್ವದ್ದು. ಮಾಂಸಖಂಡಗಳು ಸಂಕುಚಿತವಾಗುವುದಕ್ಕೆ, ನರಗಳು ಸುದ್ದಿಯನ್ನು ಸಾಗಿಸುವುದಕ್ಕೆ, ಗಾಯದ ರಕ್ತವು ಹೆಪ್ಪುಗಟ್ಟುವುದಕ್ಕೆ, ಹೃದಯವು ತಾಳ ತಪ್ಪದೆ ಮಿಡಿಯುವುದಕ್ಕೆ ಅದು ಬೇಕು. ಆದುದರಿಂದ ರಕ್ತದಲ್ಲಿ ಕ್ಯಾಲ್ಸಿಯಮ್ಮಿನ ಪ್ರಮಾಣವು ಪ್ರತಿ ೧೦೦ ಮಿಲಿಲೀಟರಿಗೆ ೮.೫ರಿಂದ ೧೦.೫ ಮಿಲಿಗ್ರಾಮಿನ ಒಳಗೆ ಇರಬೇಕೆಂಬ ಕಟ್ಟುಪಾಡಿದೆ. ನಾವು ಒಂದು ದಿನ ಹಾಲು ಕುಡಿದು ಇನ್ನೊಂದು ದಿನ ಉಪವಾಸವಿದ್ದರೂ ಈ ಅಂಕೆಯು ಬಹಳ ಮಟ್ಟಿಗೆ ಅಲುಗುವುದಿಲ್ಲ.

ಅಲುಗದಿರುವುದಕ್ಕೆ ಕಾರಣವನ್ನು ನಮ್ಮ ಕೆರೆಯ ಹಿಂದಿನ ಗದ್ದೆಗಳಿಂದ ಒಂದು ದೃಷ್ಟಾಂತವನ್ನು ತೆಗೆದುಕೊಂಡು ತಿಳಿಯಬಹುದು. ಕೆರೆಯಲ್ಲಿ ನೀರು ತುಂಬಿದೆ. ತೂಬಿನಿಂದ ಕಾಲುವೆಗೆ ನೀರು ಬರುತ್ತದೆ. ಕಾಲುವೆಯಲ್ಲಿ ನೀರೆಷ್ಟಿದೆಯೆಂದು ನೋಡಿಕೊಂಡು ತೂಬನ್ನು ಎತ್ತುವವನೂ ಇಳಿಸುವವನೂ ನೀರುಗಂಟಿ. ನಮ್ಮ ಮೂಳೆಗಳೇ ಕೆರೆ, ರಕ್ತವೇ ಕಾಲುವೆ, ಕತ್ತಿನ ಆ ನಾಲ್ಕು ಗ್ರಂಥಿಗಳೇ ನೀರುಗಂಟಿ. ರಕ್ತದಲ್ಲಿ ಕ್ಯಾಲ್ಸಿಯಂ ಸ್ವಲ್ಪ ಇಳಿಯಿತೆಂದರೆ ಗ್ರಂಥಿಗಳು ಅದನ್ನು ಕೂಡಲೇ ಗುರುತಿಸಿ ತಮ್ಮ ಸ್ರಾವವನ್ನು ಹೆಚ್ಚಿಸುತ್ತವೆ. ಏರಿತೆಂದರೆ ಸ್ರಾವವನ್ನು ತಗ್ಗಿಸುತ್ತವೆ. ಈ ಸ್ರಾವವು ರಕ್ತದಲ್ಲಿ ಕೆಲವೇ ನಿಮಿಷ ಉಳಿಯುವುದರಿಂದ ಹತೋಟಿಯು ನಿಮಿಷ ನಿಮಿಷಕ್ಕೂ ನಡೆಯುತ್ತದೆ.

ಈ ಗ್ರಂಥಿಗಳನ್ನು ಕಂಡುಹಿಡಿದ ಚರಿತ್ರೆಯು ಸ್ವಾರಸ್ಯವಾಗಿದೆ. ಮನುಷ್ಯನ ದೇಹದ ದೊಡ್ಡ ಅಂಗಗಳೆಲ್ಲವೂ ಪರಿಚಿತವಾದ ಎಷ್ಟೋ ಕಾಲದ ಮೇಲೆ ಇವು ಕಣ್ಣಿಗೆ ಬಿದ್ದವು. ಅದೂ ಮೊದಲು ಮನುಷ್ಯನಲ್ಲಿ ಅಲ್ಲ. ಲಂಡನ್ನಿನ ಮೃಗಾಲಯದಲ್ಲಿ ಸಾಕಿದ್ದ ನಮ್ಮ ದೇಶದ ಒಂಟಿಕೊಂಬಿನ ಘೇಂಡಾಮೃಗವೊಂದು ೧೮೪೯ರಲ್ಲಿ ಸತ್ತಿತು. ರಿಚರ್ಡ್ ಓವೆನ್ ಎಂಬ ಅಂಗರಚನಾಶಾಸ್ತ್ರಜ್ಞನು ಅದನ್ನು ಕೊಯ್ದು ಪರೀಕ್ಷಿಸುವಾಗ ಥೈರಾಯಿಡ್ ಗ್ರಂಥಿಗೆ ಅಂಟಿಕೊಂಡಿದ್ದ ಹಳದಿ ಬಣ್ಣದ ಸಣ್ಣ ಗಂಟೊಂದನ್ನು ಕಂಡು ಬರೆದಿಟ್ಟನು. ಮನುಷ್ಯನಲ್ಲಿ ಇವನ್ನು ಕ್ರಮವಾಗಿ ಹುಡುಕಿದವನು ಸ್ವೀಡನ್ನಿನ ಉಪ್ಸಾಲದಲ್ಲಿ ವೈದ್ಯಶಾಸ್ತ್ರವನ್ನು ಓದುತ್ತಿದ್ದ ಈವಾರ್ ಸಾಂಡ್‌ಸ್ಟ್ರೋಮ್. ೧೮೭೭ರಲ್ಲಿ ನಾಯಿಯೊಂದರಲ್ಲಿ ಗುರುತಿಸಿ, ತರುವಾಯ ಐವತ್ತು ಮೃತದೇಹಗಳನ್ನು ಪರೀಕ್ಷಿಸಿ, ೧೮೮೦ರಲ್ಲಿ ಪ್ರಬಂಧವನ್ನು ಪ್ರಕಟಿಸಿದನು. ಥೈರಾಯಿಡಿನ ಪಕ್ಕದಲ್ಲಿರುವುದರಿಂದ ಪ್ಯಾರಾಥೈರಾಯಿಡ್ ಎಂದು ಹೆಸರಿಟ್ಟವನೂ ಅವನೇ. ಹೆಸರು ನೆರೆಮನೆಯದು; ಕೆಲಸಕ್ಕೂ ಆ ನೆರೆಮನೆಗೂ ಸಂಬಂಧವಿಲ್ಲ. ಪ್ರಬಂಧವು ಸ್ವೀಡಿಷ್ ಭಾಷೆಯಲ್ಲಿದ್ದುದರಿಂದ ಹೆಚ್ಚು ಜನ ಓದಲಿಲ್ಲ. ತಾನು ಕಂಡ ವಸ್ತುವಿನ ಪ್ರಯೋಜನವೇನೆಂಬುದು ತಿಳಿಯುವ ಮುನ್ನವೇ, ೧೮೮೯ರಲ್ಲಿ, ಸಾಂಡ್‌ಸ್ಟ್ರೋಮನು ತೀರಿಕೊಂಡನು.

ಪ್ರಯೋಜನವು ತಿಳಿದದ್ದು ಅನಾಹುತಗಳಿಂದ. ಗಳಗಂಡಕ್ಕಾಗಿ ಥೈರಾಯಿಡ್ ಗ್ರಂಥಿಯನ್ನು ಪೂರ್ತಿ ತೆಗೆದುಹಾಕಿದ ರೋಗಿಗಳಲ್ಲಿ ಕೆಲವರಿಗೆ ಶಸ್ತ್ರಚಿಕಿತ್ಸೆಯಾದ ಒಂದೆರಡು ದಿನಗಳಲ್ಲಿ ಕೈಬೆರಳುಗಳು ಸೆಟೆದು, ಸ್ನಾಯುಗಳು ಹಿಡಿದುಕೊಂಡು, ಪ್ರಾಣಾಪಾಯವಾಗುತ್ತಿತ್ತು. ಥೈರಾಯಿಡಿನ ಜೊತೆಯಲ್ಲಿ ಈ ಸಣ್ಣ ಗ್ರಂಥಿಗಳೂ ಹೋದುದೇ ಇದಕ್ಕೆ ಕಾರಣವೆಂಬುದಕ್ಕೆ ೧೮೯೧ರಲ್ಲಿ ಫ್ರಾನ್ಸಿನ ಯೂಜೀನ್ ಗ್ಲೇ ಎಂಬಾತನ ಪ್ರಯೋಗಗಳು ದಾರಿ ತೋರಿದುವು. ೧೯೦೯ರಲ್ಲಿ ಅಮೆರಿಕದ ಮ್ಯಾಕಲಮ್ ಮತ್ತು ವೋಗ್ಟ್‌ಲಿನ್ ಎಂಬವರು, ಗ್ರಂಥಿಗಳನ್ನು ತೆಗೆದ ಪ್ರಾಣಿಗಳ ರಕ್ತದಲ್ಲಿ ಕ್ಯಾಲ್ಸಿಯಂ ಇಳಿದುಹೋಗುವುದೆಂದೂ, ಕ್ಯಾಲ್ಸಿಯಂ ಲವಣವನ್ನು ಕೊಟ್ಟರೆ ಸೆಟೆತವು ನಿಲ್ಲುವುದೆಂದೂ ತೋರಿಸಿದರು. ಗ್ರಂಥಿಗೂ ಸುಣ್ಣಾಂಶಕ್ಕೂ ಇರುವ ನಂಟು ಹೀಗೆ ಸ್ಥಿರಪಟ್ಟಿತು.

ಗ್ರಂಥಿಗಳ ಸ್ರಾವಕ್ಕೆ ಪ್ಯಾರಾಥೈರಾಯಿಡ್ ಹಾರ್ಮೋನ್ ಎಂದು ಹೆಸರು. ೮೪ ಅಮೈನೊ ಆಮ್ಲಗಳ ಒಂದು ಸರಪಣಿ ಅದು. ರಕ್ತದಲ್ಲಿ ಕ್ಯಾಲ್ಸಿಯಮ್ಮನ್ನು ಏರಿಸಲು ಅದು ಮೂರು ದಾರಿಗಳನ್ನು ಹಿಡಿಯುತ್ತದೆ. ಮೊದಲನೆಯದಾಗಿ, ಮೂಳೆಯಿಂದ ಕ್ಯಾಲ್ಸಿಯಮ್ಮನ್ನು ಬಿಡಿಸುತ್ತದೆ. ಎರಡನೆಯದಾಗಿ, ಮೂತ್ರಪಿಂಡದಲ್ಲಿ ಮೂತ್ರದೊಡನೆ ಹೊರಟುಹೋಗುವ ಕ್ಯಾಲ್ಸಿಯಮ್ಮನ್ನು ತಡೆದು ಹಿಂದಕ್ಕೆ ಸೇರಿಸಿಕೊಳ್ಳುತ್ತದೆ. ಅದೇ ಕಾಲದಲ್ಲಿ ರಂಜಕದ ಲವಣವನ್ನು ಹೊರಕ್ಕೆ ಕಳುಹಿಸುತ್ತದೆ. ಮೂರನೆಯದಾಗಿ, ಮೂತ್ರಪಿಂಡದಲ್ಲಿಯೇ ವಿಟಮಿನ್ ‘ಡಿ’ಯನ್ನು ಚುರುಕುಗೊಳಿಸಿ, ಅದರ ಮೂಲಕ ಕರುಳು ಆಹಾರದಿಂದ ಹೆಚ್ಚು ಕ್ಯಾಲ್ಸಿಯಮ್ಮನ್ನು ಹೀರಿಕೊಳ್ಳುವಂತೆ ಮಾಡುತ್ತದೆ. ಆರೋಗ್ಯವಂತನಲ್ಲಿ ಇವೆಲ್ಲವೂ ಹಿತಮಿತವಾಗಿ ನಡೆಯುತ್ತವೆ; ಕೆರೆಯಿಂದ ಇಂದು ತೆಗೆದದ್ದು ನಾಳೆ ಮತ್ತೆ ತುಂಬುತ್ತದೆ.

ಈಗ ನೀರುಗಂಟಿಯೇ ಬುದ್ಧಿ ತಪ್ಪಿದನೆಂದು ಭಾವಿಸಿರಿ. ಕಾಲುವೆಯು ತುಂಬಿ ಏರಿಯ ಮೇಲೆ ಹರಿಯುತ್ತಿದ್ದರೂ ಅವನು ತೂಬನ್ನು ಇಳಿಸುವುದಿಲ್ಲ. ಕೆರೆ ಬತ್ತುತ್ತದೆ, ಗದ್ದೆಗಳು ಕೊಚ್ಚಿಹೋಗುತ್ತವೆ. ಹಾನಿಯು ಎರಡು ಕಡೆಯಲ್ಲಿಯೂ ಆಗುತ್ತದೆ. ಪ್ಯಾರಾಥೈರಾಯಿಡ್ ಗ್ರಂಥಿಯೊಂದರಲ್ಲಿ ಗಂಟು ಬೆಳೆದು ಅದು ಸ್ವತಂತ್ರವಾಗಿ ಹಾರ್ಮೋನನ್ನು ಸುರಿಸತೊಡಗಿದಾಗ ದೇಹದಲ್ಲಿ ಆಗುವುದೂ ಇದೇ. ರಕ್ತದಲ್ಲಿ ಕ್ಯಾಲ್ಸಿಯಂ ಏರುತ್ತದೆ. ಮೂತ್ರಪಿಂಡವು ಎಷ್ಟೇ ಹಿಡಿದಿಟ್ಟುಕೊಂಡರೂ ಮಿತಿಮೀರಿದ ಕ್ಯಾಲ್ಸಿಯಂ ಮೂತ್ರಕ್ಕೆ ಇಳಿದು ಕಲ್ಲಾಗಿ ಕಟ್ಟುತ್ತದೆ. ಬಾಯಾರಿಕೆ, ಮಲಬದ್ಧತೆ, ಹಸಿವಿಲ್ಲದಿರುವುದು, ಆಯಾಸ, ಮನಸ್ಸಿನ ಕುಗ್ಗು ಇವು ತೋರುತ್ತವೆ. ಮೂಳೆಯಾದರೋ ಒಳಗೊಳಗೇ ಸವೆಯುತ್ತದೆ.

ಮೂಳೆಯ ಸವೆತದ ರೀತಿಯನ್ನು ಸ್ವಲ್ಪ ವಿವರವಾಗಿ ಹೇಳಬೇಕಾಗಿದೆ. ಪ್ರತಿಯೊಂದು ಮೂಳೆಯಲ್ಲಿಯೂ ಎರಡು ಭಾಗಗಳುಂಟು: ಹೊರಗಡೆ ಒತ್ತಾಗಿ ಗಟ್ಟಿಯಾಗಿರುವ ಚಿಪ್ಪು, ಒಳಗಡೆ ಜೇನುಹುಟ್ಟಿನಂತೆ ಜಾಲರಿಯಾಗಿರುವ ಭಾಗ. ವಯಸ್ಸಾದ ಹೆಂಗಸರಲ್ಲಿ ಋತುಸ್ರಾವ ನಿಂತ ತರುವಾಯ ಬರುವ ಮೂಳೆಸವೆತದಲ್ಲಿ ಮೊದಲು ಕೆಡುವುದು ಒಳಗಿನ ಜಾಲರಿ. ಆದುದರಿಂದಲೇ ಅವರಲ್ಲಿ ಬೆನ್ನುಮೂಳೆಯು ಮೊದಲು ಕುಸಿಯುವುದುಂಟು. ಪ್ಯಾರಾಥೈರಾಯಿಡಿನ ಅತಿಕ್ರಿಯೆಯಲ್ಲಿ ಹೆಚ್ಚಾಗಿ ಕೆಡುವುದು ಹೊರಗಿನ ಚಿಪ್ಪು. ಅದಕ್ಕೆ ತಕ್ಕ ಸಾಕ್ಷಿ ಮುಂಗೈಯ ಎಲುಬು. ಮಣಿಕಟ್ಟಿನಿಂದ ಮೊಣಕೈಯ ಕಡೆಗೆ ಮೂರನೆಯ ಒಂದು ಭಾಗ ದೂರದಲ್ಲಿ ಅದು ಬಹುತೇಕ ಚಿಪ್ಪೇ ಆಗಿದೆ. ಬೆನ್ನುಮೂಳೆಯನ್ನೂ ತೊಡೆಯ ಸಂದನ್ನೂ ಮಾತ್ರ ಅಳೆದರೆ ಈ ರೋಗದ ಹಾನಿಯು ಕಣ್ತಪ್ಪಬಹುದು. ಆದಕಾರಣ ಈ ರೋಗಿಗಳಲ್ಲಿ ಮುಂಗೈಯನ್ನೂ ಸೇರಿಸಿ ಮೂರು ಸ್ಥಾನಗಳನ್ನು ಅಳೆಯಬೇಕೆಂದು ವೈದ್ಯರ ನಿಯಮವಿದೆ. ಒಳಗಿನ ಜಾಲರಿಯು ಪೂರ್ತಿ ಸುರಕ್ಷಿತವೆಂದು ಹಿಂದೆ ತಿಳಿದಿದ್ದರು. ಹೆಚ್ಚು ಸೂಕ್ಷ್ಮವಾದ ಯಂತ್ರಗಳು ಬಂದ ಮೇಲೆ ಅದೂ ಕೆಡುವುದೆಂದೂ, ಬೆನ್ನುಮೂಳೆಗಳು ನೋವಿಲ್ಲದೆಯೇ ಕುಸಿಯಬಹುದೆಂದೂ ಗೊತ್ತಾಗಿದೆ.

ರೋಗವು ಬಲಿತಾಗ ಕಾಣುವ ಚಿತ್ರವು ಇನ್ನೂ ಘೋರವಾದುದು. ಬೆರಳಿನ ಎಲುಬುಗಳ ಅಂಚು ಇಲಿ ಕಡಿದಂತೆ ಸವೆದಿರುತ್ತದೆ. ತಲೆಬುರುಡೆಯ ಕ್ಷಕಿರಣ ಚಿತ್ರದಲ್ಲಿ ಉಪ್ಪುಮೆಣಸಿನ ಪುಡಿಯನ್ನು ಎರಚಿದಂತೆ ಚುಕ್ಕೆಗಳು ಕಾಣುತ್ತವೆ. ಎಲುಬಿನ ನಡುವೆ ಗುಳಿಗಳಾಗಿ, ಕರಗಿದ ಮೂಳೆಯ ಸ್ಥಳದಲ್ಲಿ ನಾರಿನಂಥ ಅಂಗಾಂಶವೂ ರಕ್ತಸ್ರಾವದ ಕಲೆಯೂ ಸೇರಿ ಕಂದು ಬಣ್ಣದ ಗಡ್ಡೆಗಳಾಗುತ್ತವೆ. ಇವು ಅರ್ಬುದ ರೋಗವಲ್ಲವಾದರೂ ನೋಡಿದವರಿಗೆ ಅರ್ಬುದದ ಭ್ರಮೆಯನ್ನು ಹುಟ್ಟಿಸುತ್ತವೆ. ಈ ಮೂಳೆಯ ರೋಗವನ್ನು ೧೮೯೧ರಲ್ಲಿ ಜರ್ಮನ್ ರೋಗಶಾಸ್ತ್ರಜ್ಞನಾದ ಫಾನ್ ರೆಕ್ಲಿಂಗ್‌ಹೌಸೆನ್ ವರ್ಣಿಸಿದನು. ಆದರೆ ಅದಕ್ಕೆ ಕತ್ತಿನಲ್ಲಿ ಮೂಲವಿದೆಯೆಂಬುದು ಅವನಿಗೆ ತಿಳಿಯಲಿಲ್ಲ.

ಇಲ್ಲಿಂದ ಮುಂದೆ ವೈದ್ಯಲೋಕದಲ್ಲಿ ಒಂದು ದೊಡ್ಡ ವಿವಾದವಾಯಿತು. ಮೂಳೆ ಕೆಟ್ಟವನ ಕತ್ತಿನಲ್ಲಿ ಪ್ಯಾರಾಥೈರಾಯಿಡ್ ಗ್ರಂಥಿಯ ಗಂಟಿರುವುದನ್ನು ೧೯೦೪ರಲ್ಲಿ ಅಸ್ಕನಾಜಿ ಎಂಬಾತನು ಕಂಡನು. ಗಂಟೂ ಇದೆ, ಮೂಳೆಯೂ ಕೆಟ್ಟಿದೆ. ಇವುಗಳಲ್ಲಿ ಕಾರಣ ಯಾವುದು, ಕಾರ್ಯ ಯಾವುದು? ವಿಯೆನ್ನಾದ ಎರ್ಡ್‌ಹೈಮನು ಮೂಳೆ ಮೆತ್ತಗಾದ ರೋಗಿಗಳನ್ನು ಪರೀಕ್ಷಿಸಿ, ಮೂಳೆಯು ಕೆಟ್ಟುದರಿಂದಲೇ ಅದನ್ನು ಸರಿಪಡಿಸುವುದಕ್ಕೆ ಗ್ರಂಥಿಯು ಹಿಗ್ಗಿದೆಯೆಂದು ನಿರ್ಣಯಿಸಿದನು. ಅವನ ಮಾತಿಗೆ ಬಹಳ ಮನ್ನಣೆಯಿತ್ತು. ಅದನ್ನು ನಂಬಿದರೆ ರೋಗಿಗೆ ಇನ್ನಷ್ಟು ಗ್ರಂಥಿಯನ್ನು ಕೊಡಬೇಕೇ ವಿನಾ ಇದ್ದುದನ್ನು ತೆಗೆಯಕೂಡದು. ೧೯೧೫ರಲ್ಲಿ ಅದೇ ಊರಿನ ಷ್ಲಾಗೆನ್‌ಹೌಫರ್ ಎಂಬಾತನು ಇದಕ್ಕೆ ವಿರುದ್ಧವಾಗಿ ವಾದಿಸಿದನು. ಮೂಳೆಯ ಕೊರತೆಯನ್ನು ತುಂಬುವುದಕ್ಕೆ ಗ್ರಂಥಿಗಳು ಹಿಗ್ಗುವುದಾದರೆ ನಾಲ್ಕೂ ಹಿಗ್ಗಬೇಕಷ್ಟೆ. ಒಂದೇ ಒಂದು ಹಿಗ್ಗಿರುವಲ್ಲಿ ಅದೇ ರೋಗದ ಮೂಲವಾಗಿರಬೇಕು, ಅದನ್ನು ತೆಗೆದು ನೋಡಬೇಕು ಎಂಬುದು ಅವನ ತರ್ಕ. ಹತ್ತು ವರ್ಷಗಳವರೆಗೆ ಅದನ್ನು ಪರೀಕ್ಷಿಸುವವರಿರಲಿಲ್ಲ.

ವಿಯೆನ್ನಾ ನಗರದ ಟ್ರಾಮ್ ಗಾಡಿಯ ಕಂಡಕ್ಟರನೊಬ್ಬನು ಮೂಳೆಗಳ ನೋವಿನಿಂದ ಕೆಲಸವನ್ನು ಬಿಟ್ಟು, ತೊಡೆಯ ಎಲುಬು ಮುರಿದು, ಫೆಲಿಕ್ಸ್ ಮಾಂಡ್ಲ್ ಎಂಬ ಶಸ್ತ್ರವೈದ್ಯನ ಬಳಿಗೆ ಬಂದನು. ಮಾಂಡ್ಲನು ಮೊದಲು ಎರ್ಡ್‌ಹೈಮನ ಮತವನ್ನು ಅನುಸರಿಸಿ ಗ್ರಂಥಿಯ ಸತ್ವವನ್ನು ಕೊಟ್ಟನು. ಅಪಘಾತದಲ್ಲಿ ಸತ್ತ ಇನ್ನೊಬ್ಬನ ಗ್ರಂಥಿಯನ್ನು ತಂದು ಕಸಿ ಮಾಡಿದನು. ಗುಣವಾಗಲಿಲ್ಲ. ಕಡೆಗೆ ೧೯೨೫ರ ಜುಲೈ ತಿಂಗಳಲ್ಲಿ ಕತ್ತನ್ನು ತೆರೆದು, ಅಲ್ಲಿದ್ದ ಗಂಟನ್ನು ಕಂಡು, ತೆಗೆದುಹಾಕಿದನು. ನೋವು ಇಳಿಯಿತು; ಮೂತ್ರದಲ್ಲಿ ಹೋಗುತ್ತಿದ್ದ ಕ್ಯಾಲ್ಸಿಯಂ ಕಡಮೆಯಾಯಿತು; ಹಾಸಿಗೆ ಹಿಡಿದಿದ್ದವನು ಕೋಲೂರಿ ನಡೆದನು. ಕೊಟ್ಟಾಗ ಹೋಗದ ರೋಗವು ತೆಗೆದಾಗ ಇಳಿಯಿತಾದುದರಿಂದ ವಾದವು ತೀರಿತು. ಆದರೆ ಆ ಮನುಷ್ಯನ ಸುಖವು ಶಾಶ್ವತವಾಗಲಿಲ್ಲ. ಕೆಲವು ವರ್ಷಗಳ ಮೇಲೆ ರೋಗವು ಮರುಕಳಿಸಿ, ೧೯೩೬ರಲ್ಲಿ ಅವನು ತೀರಿಕೊಂಡನು.

ಅಮೆರಿಕದಲ್ಲಿ ಇದೇ ಕಾಲದಲ್ಲಿ ಹಡಗಿನ ಕಪ್ತಾನನೊಬ್ಬನ ಕಥೆಯು ನಡೆಯಿತು. ನೆಟ್ಟಗೆ ಎತ್ತರವಾಗಿದ್ದ ಆತನು ಮೂಳೆಗಳು ಕುಸಿದು ಸುಮಾರು ಏಳು ಅಂಗುಲ ಕುಳ್ಳಗಾದನು. ಆರು ಸಲ ಶಸ್ತ್ರಕ್ರಿಯೆ ಮಾಡಿದರೂ ಗಂಟು ಸಿಕ್ಕಲಿಲ್ಲ. ಇನ್ನೂ ಹುಡುಕಿರೆಂದು ಆತನೇ ವೈದ್ಯರನ್ನು ಒತ್ತಾಯಪಡಿಸಿದನು. ೧೯೩೨ರಲ್ಲಿ, ಏಳನೆಯ ಸಲ, ಬಾಸ್ಟನ್ ನಗರದಲ್ಲಿ ಗಂಟು ಸಿಕ್ಕಿತು. ಅದು ಇದ್ದದ್ದು ಕತ್ತಿನಲ್ಲಲ್ಲ, ಎದೆಗೂಡಿನ ಒಳಗೆ. ಭ್ರೂಣಾವಸ್ಥೆಯಲ್ಲಿ ಈ ಗ್ರಂಥಿಗಳು ಮೇಲಿನಿಂದ ಕೆಳಕ್ಕೆ ಸರಿದು ಬರುವುದರಿಂದ ಕೆಲವರಲ್ಲಿ ನಿಲ್ಲಬೇಕಾದ ಸ್ಥಳವನ್ನು ದಾಟಿಹೋಗುವುದುಂಟು. ಅಷ್ಟು ಹೊತ್ತಿಗೆ ಮೂತ್ರಪಿಂಡಗಳು ಕೆಟ್ಟಿದ್ದುದರಿಂದ ಕಪ್ತಾನನು ಕೆಲವೇ ವಾರಗಳಲ್ಲಿ ಕಾಲವಾದನು. ರೋಗವನ್ನು ತಿಳಿದುಕೊಂಡರೆ ಸಾಲದು, ಹೊತ್ತಿಗೆ ಮುಂಚೆ ತಿಳಿದುಕೊಳ್ಳಬೇಕೆಂಬುದು ಈ ಇಬ್ಬರ ಕಥೆಯಿಂದ ನಾವು ಕಲಿಯತಕ್ಕ ಪಾಠ.

ಹಾಗಾದರೆ ಎರ್ಡ್‌ಹೈಮನು ಹೇಳಿದ್ದು ಕೇವಲ ತಪ್ಪೆ? ಹಾಗಲ್ಲ. ಅವನು ಹೇಳಿದ ಸ್ಥಿತಿಯೂ ಇದೆ. ಅದು ಬೇರೊಂದು ರೋಗ. ಕಾಲುವೆಯು ನಿಜವಾಗಿಯೂ ಬತ್ತಿದ್ದರೆ ನೀರುಗಂಟಿಯು ತೂಬನ್ನು ಎತ್ತುವುದು ನ್ಯಾಯವೇ ಸರಿ. ವಿಟಮಿನ್ ‘ಡಿ’ಯ ಅಭಾವದಿಂದ ಕರುಳು ಕ್ಯಾಲ್ಸಿಯಮ್ಮನ್ನು ಹೀರದೆ ಹೋದಾಗಲೂ, ಮೂತ್ರಪಿಂಡವು ಬಹುಕಾಲ ಕೆಟ್ಟು ರಂಜಕವು ರಕ್ತದಲ್ಲಿ ಶೇಖರವಾಗಿ ಕ್ಯಾಲ್ಸಿಯಂ ಇಳಿದಾಗಲೂ ನಾಲ್ಕು ಗ್ರಂಥಿಗಳೂ ಹಿಗ್ಗಿ ಹೆಚ್ಚು ಸ್ರಾವವನ್ನು ಬಿಡುತ್ತವೆ. ಇದನ್ನು ಅನುಷಂಗಿಕವಾದ ಅತಿಕ್ರಿಯೆಯೆಂದೂ, ಗ್ರಂಥಿಯೇ ಕೆಟ್ಟು ಬರುವುದನ್ನು ಪ್ರಧಾನವಾದ ಅತಿಕ್ರಿಯೆಯೆಂದೂ ಕರೆಯಬಹುದು. ಎರಡರಲ್ಲಿಯೂ ಮೂಳೆ ಸವೆಯುತ್ತದೆ. ಚಿಕಿತ್ಸೆ ಮಾತ್ರ ಬೇರೆ. ಮೊದಲನೆಯದರಲ್ಲಿ ಕೊರತೆಯನ್ನು ತುಂಬಬೇಕು, ಮೂತ್ರಪಿಂಡದ ರೋಗವನ್ನು ನೋಡಿಕೊಳ್ಳಬೇಕು. ಎರಡನೆಯದರಲ್ಲಿ ಕೆಟ್ಟ ಗ್ರಂಥಿಯನ್ನು ತೆಗೆಯಬೇಕು.

ಇವನ್ನು ಬೇರ್ಪಡಿಸುವ ಉಪಾಯವು ಸರಳವಾದುದು. ರಕ್ತದಲ್ಲಿ ಕ್ಯಾಲ್ಸಿಯಮ್ಮನ್ನೂ ಹಾರ್ಮೋನನ್ನೂ ಜೊತೆಯಲ್ಲಿಯೇ ಅಳೆಯಬೇಕು. ಕ್ಯಾಲ್ಸಿಯಂ ಏರಿದಾಗ ಗ್ರಂಥಿಯು ಸುಮ್ಮನಾಗಬೇಕಾದುದು ಧರ್ಮ. ಕ್ಯಾಲ್ಸಿಯಮ್ಮೂ ಏರಿ ಹಾರ್ಮೋನೂ ಏರಿದ್ದರೆ, ಅಥವಾ ತಗ್ಗಬೇಕಾದ ಹಾರ್ಮೋನು ತಗ್ಗದೆ ಇದ್ದರೆ, ತಪ್ಪು ಗ್ರಂಥಿಯದೇ ಎಂದು ಸಂಶಯಿಸಬೇಕು. ಕ್ಯಾಲ್ಸಿಯಂ ಕಡಮೆಯಾಗಿಯೋ ಸರಿಯಾಗಿಯೋ ಇದ್ದು ಹಾರ್ಮೋನು ಮಾತ್ರ ಏರಿದ್ದರೆ ಸಾಮಾನ್ಯವಾಗಿ ಕೊರತೆಯು ಬೇರೆ ಕಡೆಯಲ್ಲಿರುತ್ತದೆ. ಇಷ್ಟು ಸೂಕ್ಷ್ಮವಾದ ಹಾರ್ಮೋನನ್ನು ರಕ್ತದಲ್ಲಿ ಅಳೆಯುವುದು ಅಮೆರಿಕದ ಬರ್ಸನ್ ಮತ್ತು ರೋಸಲಿನ್ ಯಾಲೋ ಎಂಬವರ ವಿಧಾನದಿಂದ ೧೯೬೩ರಲ್ಲಿ ಸಾಧ್ಯವಾಯಿತು. ಆ ವಿಧಾನಕ್ಕಾಗಿ ಯಾಲೋ ಅವರಿಗೆ ೧೯೭೭ರಲ್ಲಿ ನೊಬೆಲ್ ಪಾರಿತೋಷಕವು ದೊರೆಯಿತು. ಬರ್ಸನ್ ಅವರು ಅದಕ್ಕೆ ಮೊದಲೇ ತೀರಿಕೊಂಡಿದ್ದರು.

ಪ್ರಧಾನವಾದ ಅತಿಕ್ರಿಯೆಯು ಗಂಡಸರಿಗಿಂತ ಹೆಂಗಸರಲ್ಲಿ ಹೆಚ್ಚು. ಅದರಲ್ಲಿಯೂ ಐವತ್ತು ವರ್ಷ ದಾಟಿದವರಲ್ಲಿ. ಐವರಲ್ಲಿ ನಾಲ್ವರಿಗೆ ಒಂದೇ ಗ್ರಂಥಿಯಲ್ಲಿ ಗಂಟಿರುತ್ತದೆ. ಅರ್ಬುದವಾಗಿರುವುದು ಬಹಳ ಅಪೂರ್ವ. ೧೯೭೦ರ ದಶಕದಿಂದ ಈಚೆಗೆ ರಕ್ತದ ಅನೇಕ ಪದಾರ್ಥಗಳನ್ನು ಒಮ್ಮೆಗೇ ಅಳೆಯುವ ಯಂತ್ರಗಳು ಬಳಕೆಗೆ ಬಂದ ಪಾಶ್ಚಾತ್ಯ ದೇಶಗಳಲ್ಲಿ ಈ ರೋಗದ ಮುಖವೇ ಬದಲಾಯಿತು. ಯಾವ ನೋವೂ ಇಲ್ಲದವರಲ್ಲಿ, ಬೇರೆ ಕಾರಣಕ್ಕಾಗಿ ಮಾಡಿದ ಪರೀಕ್ಷೆಯಲ್ಲಿ, ಕ್ಯಾಲ್ಸಿಯಂ ಸ್ವಲ್ಪ ಏರಿರುವುದು ಕಂಡು ರೋಗವು ಬಯಲಾಗುತ್ತದೆ. ನಮ್ಮ ದೇಶದಲ್ಲಿ ಮೂಳೆ ನೋವು, ಮೂಳೆ ಮುರಿತ, ಮೂತ್ರದ ಕಲ್ಲು ಇವುಗಳಿಂದ ಬಳಲಿದ ಮೇಲೆಯೇ ಪತ್ತೆಯಾಗುವವರು ಬಹಳ. ಬಿಸಿಲಿಗೆ ಬರವಿಲ್ಲದ ನಾಡಿನಲ್ಲಿಯೂ ವಿಟಮಿನ್ ‘ಡಿ’ಯ ಕೊರತೆಯು ವ್ಯಾಪಕವಾಗಿರುವುದು ಮೂಳೆಯ ಹಾನಿಯನ್ನು ಇಮ್ಮಡಿಸುತ್ತದೆ. ಅಷ್ಟೇ ಅಲ್ಲದೆ ಆ ಕೊರತೆಯು ರಕ್ತದ ಕ್ಯಾಲ್ಸಿಯಮ್ಮನ್ನು ತಗ್ಗಿಸಿ ರೋಗವನ್ನು ಮರೆಮಾಡುವುದೂ ಉಂಟು.

ಇಲ್ಲಿ ಎರಡು ತಪ್ಪು ತಿಳಿವಳಿಕೆಗಳನ್ನು ನಿವಾರಿಸಬೇಕು. ಮೂಳೆ ಸವೆದಿದೆಯೆಂದು ಕೇಳಿದ ಕೂಡಲೇ ಅಂಗಡಿಯಿಂದ ಕ್ಯಾಲ್ಸಿಯಂ ಗುಳಿಗೆಗಳನ್ನು ತಂದು ನುಂಗುವುದು ಒಂದು. ರಕ್ತವನ್ನು ಪರೀಕ್ಷಿಸದೆ ಹೀಗೆ ಮಾಡಿದರೆ, ಈ ರೋಗವಿರುವವರಲ್ಲಿ, ತುಂಬಿ ಹರಿಯುವ ಕಾಲುವೆಗೆ ಮತ್ತಷ್ಟು ನೀರನ್ನು ಹೊಯ್ದಂತಾಗುತ್ತದೆ. ಇದಕ್ಕೆ ವಿರುದ್ಧವಾದುದು ಇನ್ನೊಂದು: ರಕ್ತದಲ್ಲಿ ಕ್ಯಾಲ್ಸಿಯಂ ಹೆಚ್ಚಾಗಿದೆಯೆಂದು ತಿಳಿದ ಕೂಡಲೇ ಹಾಲು ಮಜ್ಜಿಗೆಗಳನ್ನು ಬಿಟ್ಟುಬಿಡುವುದು. ಆಹಾರದಲ್ಲಿ ಕ್ಯಾಲ್ಸಿಯಂ ತೀರ ಕಡಮೆಯಾದರೆ ಗ್ರಂಥಿಯು ಇನ್ನಷ್ಟು ಕೆರಳಿ ಮೂಳೆಯಿಂದಲೇ ಕಿತ್ತುಕೊಳ್ಳುತ್ತದೆ. ಆದುದರಿಂದ ಈ ರೋಗಿಗಳೂ ಇತರರಂತೆ ಸಾಧಾರಣ ಪ್ರಮಾಣದಲ್ಲಿ ಕ್ಯಾಲ್ಸಿಯಮ್ಮುಳ್ಳ ಆಹಾರವನ್ನು ತೆಗೆದುಕೊಳ್ಳಬೇಕೆಂದೇ ವೈದ್ಯರ ಅಭಿಪ್ರಾಯ. ವಯಸ್ಕರಿಗೆ ದಿನಕ್ಕೆ ಸುಮಾರು ೧೦೦೦ ಮಿಲಿಗ್ರಾಂ ಬೇಕೆಂದು ನಮ್ಮ ದೇಶದ ವೈದ್ಯಕೀಯ ಸಂಶೋಧನ ಮಂಡಲಿಯು ನಿಗದಿ ಮಾಡಿದೆ. ನಮ್ಮ ರಾಗಿಯ ನೂರು ಗ್ರಾಮಿನಲ್ಲಿ ಸುಮಾರು ೩೫೦ ಮಿಲಿಗ್ರಾಂ ಇದೆ. ಪಾಲಿಷ್ ಮಾಡಿದ ಅಕ್ಕಿಯಲ್ಲಾದರೋ ಹತ್ತರ ಆಸುಪಾಸು. ಹಿಟ್ಟು ತಿಂದವನು ಬೆಟ್ಟವನ್ನು ಕಿತ್ತಿಟ್ಟನೆಂಬ ನಮ್ಮ ಗಾದೆಯು ಈ ಮಟ್ಟಿಗೆ ನಿಜವೇ ಆಗಿದೆ. ವಿಟಮಿನ್ ‘ಡಿ’ಯ ಕೊರತೆಯಿದ್ದರೆ ಅದನ್ನೂ ತುಂಬಬೇಕು; ಆದರೆ ವೈದ್ಯನ ಕಣ್ಣಿನ ಕೆಳಗೆ, ರಕ್ತವನ್ನು ಆಗಾಗ ಪರೀಕ್ಷಿಸುತ್ತ. ನೀರನ್ನು ಧಾರಾಳವಾಗಿ ಕುಡಿಯುವುದೂ, ಹಾಸಿಗೆ ಹಿಡಿಯದೆ ನಡೆದಾಡುವುದೂ ಒಳ್ಳೆಯದು. ಮೂಳೆ ಟೊಳ್ಳಾದವರ ಮನೆಯಲ್ಲಿ ಬಚ್ಚಲ ನೆಲವು ಜಾರದಂತೆಯೂ, ಮೆಟ್ಟಿಲಿಗೆ ಬೆಳಕಿರುವಂತೆಯೂ ನೋಡಿಕೊಳ್ಳುವುದು ಔಷಧದಷ್ಟೇ ಮುಖ್ಯ.

ರೋಗವನ್ನು ಪೂರ್ತಿ ವಾಸಿಮಾಡುವುದು ಶಸ್ತ್ರಚಿಕಿತ್ಸೆಯೊಂದೇ. ನುರಿತ ಕೈಯಲ್ಲಿ ನೂರಕ್ಕೆ ತೊಂಬತ್ತೈದರಷ್ಟು ಮಂದಿಗೆ ಗುಣವಾಗುತ್ತದೆ. ನೋವಿರುವವರೆಲ್ಲರಿಗೂ ಇದನ್ನು ಹೇಳುತ್ತಾರೆ. ನೋವಿಲ್ಲದವರಲ್ಲಿಯೂ ವಯಸ್ಸು ಐವತ್ತಕ್ಕಿಂತ ಕಡಮೆಯಾಗಿದ್ದರೆ, ಕ್ಯಾಲ್ಸಿಯಂ ಮೇಲಿನ ಎಲ್ಲೆಗಿಂತ ೧ ಮಿಲಿಗ್ರಾಮಿಗೂ ಹೆಚ್ಚಾಗಿ ಏರಿದ್ದರೆ, ಮೂಳೆಯ ಸಾಂದ್ರತೆಯು ಯಾವ ಸ್ಥಾನದಲ್ಲಿಯಾದರೂ ತರುಣರ ಸರಾಸರಿಗಿಂತ ಎರಡೂವರೆ ಅಂಕಗಳಷ್ಟು ಇಳಿದಿದ್ದರೆ, ಬೆನ್ನುಮೂಳೆಯು ಸದ್ದಿಲ್ಲದೆ ಕುಸಿದಿದ್ದರೆ, ಮೂತ್ರಪಿಂಡದಲ್ಲಿ ಕಲ್ಲೋ ಬಲಹೀನತೆಯೋ ಇದ್ದರೆ ಶಸ್ತ್ರಚಿಕಿತ್ಸೆಯೇ ಲೇಸೆಂದು ಅಂತರರಾಷ್ಟ್ರೀಯ ತಜ್ಞರು ೨೦೨೨ರಲ್ಲಿಯೂ ಪುನಃ ಹೇಳಿದ್ದಾರೆ. ಉಳಿದವರು ಕ್ರಮವಾಗಿ ಪರೀಕ್ಷೆ ಮಾಡಿಸಿಕೊಳ್ಳುತ್ತ ಕಾದಿರಬಹುದು. ಆದರೆ ಹೀಗೆ ಕಾದವರಲ್ಲಿ ಎಂಟು ಹತ್ತು ವರ್ಷಗಳ ಮೇಲೆ ತೊಡೆಯ ಸಂದು ಮತ್ತು ಮುಂಗೈಯ ಮೂಳೆಗಳು ಇಳಿಮುಖವಾಗುವುದು ಕಂಡುಬಂದಿದೆ. ಶಸ್ತ್ರಕ್ರಿಯೆಗೆ ಒಳಗಾಗಲಾರದವರಿಗೆ ಅಲೆಂಡ್ರೊನೇಟ್ ಎಂಬ ಔಷಧವು ಮೂಳೆಯ ಸಾಂದ್ರತೆಯನ್ನು ಹೆಚ್ಚಿಸುತ್ತದೆ, ಕ್ಯಾಲ್ಸಿಯಮ್ಮನ್ನು ಇಳಿಸುವುದಿಲ್ಲ. ಸಿನಕಾಲ್ಸೆಟ್ ಎಂಬುದು ಕ್ಯಾಲ್ಸಿಯಮ್ಮನ್ನು ಇಳಿಸುತ್ತದೆ, ಮೂಳೆಗೆ ಲಾಭ ಮಾಡುವುದಿಲ್ಲ.

ಗಂಟನ್ನು ತೆಗೆದ ಮೇಲೆ ಆಗುವುದು ನಿಜವಾಗಿಯೂ ಆಶ್ಚರ್ಯಕರವಾದುದು. ವರ್ಷಾನುಗಟ್ಟಲೆ ಲೂಟಿಯಾಗಿದ್ದ ಮೂಳೆಯು ಹಸಿದ ಮಗುವಿನಂತೆ ರಕ್ತದಿಂದ ಕ್ಯಾಲ್ಸಿಯಮ್ಮನ್ನು ಸೆಳೆದುಕೊಳ್ಳತೊಡಗುತ್ತದೆ. ಹಾನಿಯು ಹೆಚ್ಚಾಗಿದ್ದವರಲ್ಲಿ ಈ ಹಸಿವು ಎಷ್ಟು ತೀವ್ರವೆಂದರೆ ರಕ್ತದ ಕ್ಯಾಲ್ಸಿಯಂ ತಟ್ಟನೆ ಇಳಿದು ಬೆರಳುಗಳು ಜುಮ್ಮೆಂದು, ಸ್ನಾಯುಗಳು ಸೆಟೆಯಬಹುದು. ಆಗ ಕೆಲವು ವಾರ, ಕೆಲವರಿಗೆ ತಿಂಗಳುಗಳವರೆಗೆ, ಕ್ಯಾಲ್ಸಿಯಮ್ಮನ್ನೂ ವಿಟಮಿನ್ ‘ಡಿ’ಯನ್ನೂ ಕೈತುಂಬ ಕೊಡಬೇಕಾಗುತ್ತದೆ. ಮೊದಲು ಬೇಡವೆಂದ ಗುಳಿಗೆಯೇ ಈಗ ಬೇಕಾಯಿತೆಂದು ರೋಗಿಯ ಮನೆಯವರು ಗಾಬರಿಪಡಬಾರದು. ಬೆನ್ನುಮೂಳೆಯೂ ತೊಡೆಯ ಸಂದೂ ಮೊದಲ ಕೆಲವು ವರ್ಷಗಳಲ್ಲಿ ಗಣನೀಯವಾಗಿ ತುಂಬಿಕೊಳ್ಳುತ್ತವೆ. ಕಂದುಬಣ್ಣದ ಗಡ್ಡೆಗಳೂ ಕ್ರಮೇಣ ಕರಗಿ ಗಟ್ಟಿಯಾಗುತ್ತವೆ. ಮುಂಗೈಯ ಚಿಪ್ಪು ನಿಧಾನವಾಗಿ ಸುಧಾರಿಸುತ್ತದೆ. ಕುಸಿದ ಬೆನ್ನು ಮಾತ್ರ ಮತ್ತೆ ನೆಟ್ಟಗಾಗುವುದಿಲ್ಲ.

ಈ ಹಾರ್ಮೋನಿನ ಬಗ್ಗೆ ಒಂದು ವಿಚಿತ್ರವನ್ನು ಹೇಳದಿರಲಾಗದು. ಹಗಲು ರಾತ್ರಿ ಎಡೆಬಿಡದೆ ಸುರಿದರೆ ಮೂಳೆಯನ್ನು ತಿನ್ನುವ ಇದೇ ವಸ್ತುವನ್ನು ದಿನಕ್ಕೊಂದು ಸಲ ಚಿಕ್ಕ ಪ್ರಮಾಣದಲ್ಲಿ ಚುಚ್ಚಿದರೆ ಮೂಳೆಯು ಬೆಳೆಯುತ್ತದೆ! ಹಾರ್ಮೋನು ಮೊದಲು ಮಾತನಾಡುವುದು ಮೂಳೆ ಕಟ್ಟುವ ಜೀವಕಣಗಳೊಡನೆ. ಒಡೆಯುವ ಜೀವಕಣಗಳಿಗೆ ಅಪ್ಪಣೆ ಹೋಗುವುದು ಅವುಗಳ ಮೂಲಕ. ಸ್ವಲ್ಪ ಹೊತ್ತಿನ ಕರೆಗೆ ಕಟ್ಟುವ ಕೆಲಸವು ಮುಂದಾಗುತ್ತದೆ. ಬಿಡುವಿಲ್ಲದ ಕರೆಗೆ ಒಡೆಯುವ ಕೆಲಸವು ಮೇಲಾಗುತ್ತದೆ. ಈ ತತ್ವದ ಮೇಲೆ ಹಾರ್ಮೋನಿನ ಮೊದಲ ೩೪ ಅಮೈನೊ ಆಮ್ಲಗಳಿಂದ ತಯಾರಾದ ಟೆರಿಪ್ಯಾರಟೈಡ್ ಎಂಬ ಔಷಧಕ್ಕೆ ೨೦೦೨ರಲ್ಲಿ ಅಮೆರಿಕದಲ್ಲಿ ಅನುಮತಿ ದೊರೆಯಿತು. ಅದು ಸಾಧಾರಣ ಮೂಳೆಸವೆತದವರಿಗೆ ಹಿತ. ಗ್ರಂಥಿಯ ಅತಿಕ್ರಿಯೆಯುಳ್ಳವರಿಗೆ ನಿಷಿದ್ಧ. ಮೂಳೆಯ ಔಷಧವೆಂದು ಒಬ್ಬರ ಚೀಟಿಯನ್ನು ಇನ್ನೊಬ್ಬರು ಬಳಸಬಾರದೆಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಬೇಕಿಲ್ಲ.

ಇನ್ನು ಸಾರಾಂಶವನ್ನು ಹೇಳಿ ಮುಗಿಸುತ್ತೇನೆ. ಶರೀರದ ವ್ಯಾಪಾರವನ್ನು ತಿಳಿಸುವುದು ನನ್ನ ಕೆಲಸ. ಚಿಕಿತ್ಸೆಯನ್ನು ನಿರ್ಧರಿಸುವುದು ವೈದ್ಯರದು. ಆದರೆ ವೈದ್ಯರ ಬಳಿಗೆ ಯಾವಾಗ ಹೋಗಬೇಕೆಂಬುದನ್ನು ನಿರ್ಧರಿಸುವವರು ನಾವೇ. ಮನೆಯಲ್ಲಿ ಹಿರಿಯರೊಬ್ಬರು ನಿಂತ ನಿಲುವಿನಲ್ಲಿ ಜಾರಿ ಬಿದ್ದು ಕೈ ಮುರಿದುಕೊಂಡರೆ, ಮೂತ್ರದ ಕಲ್ಲು ತೆಗೆಸಿದಷ್ಟೂ ಮತ್ತೆ ಮತ್ತೆ ಕಟ್ಟುತ್ತಿದ್ದರೆ, ಮೈಯ ಎಲುಬುಗಳ ನೋವು, ಆಯಾಸ, ಮಲಬದ್ಧತೆ ಇವು ಕೂಡಿಕೊಂಡು ಬಂದರೆ, ಎತ್ತರವು ವರ್ಷದಿಂದ ವರ್ಷಕ್ಕೆ ಕುಗ್ಗುತ್ತಿದ್ದರೆ, ಎಲ್ಲಕ್ಕೂ ವಯಸ್ಸೇ ಕಾರಣವೆಂದು ಕೈಕಟ್ಟಿ ಕುಳಿತುಕೊಳ್ಳಬಾರದು. ರಕ್ತದಲ್ಲಿ ಕ್ಯಾಲ್ಸಿಯಂ ಎಷ್ಟಿದೆ ಎಂಬುದನ್ನು ಪರೀಕ್ಷೆ ಮಾಡಿಸಿರಿ. ಅದು ದುಬಾರಿಯಾದ ಪರೀಕ್ಷೆಯಲ್ಲ. ಬಹುಮಂದಿಯಲ್ಲಿ ಅದು ಸರಿಯಾಗಿಯೇ ಇರುತ್ತದೆ. ನೋವಿಗೆ ಕಾರಣವನ್ನು ಬೇರೆ ಕಡೆ ಹುಡುಕಬೇಕಾಗುತ್ತದೆ. ಆದರೆ ಏರಿದ್ದ ಪಕ್ಷದಲ್ಲಿ, ಮೂಳೆಯನ್ನು ಕೆಡಿಸುವ ರೋಗಗಳಲ್ಲಿ ಬುಡಸಮೇತ ಕೀಳಬಹುದಾದ ಅಪೂರ್ವ ರೋಗವೊಂದು ನಮ್ಮ ಕೈಗೆ ಸಿಕ್ಕಿತೆಂದು ತಿಳಿಯಬೇಕು. ವಿಯೆನ್ನಾದ ಕಂಡಕ್ಟರನಿಗೂ ಬಾಸ್ಟನ್ನಿನ ಕಪ್ತಾನನಿಗೂ ತಡವಾಗಿ ದೊರೆತ ಪರಿಹಾರವು ನಮ್ಮ ಹಿರಿಯರಿಗೆ ಸಕಾಲದಲ್ಲಿ ದೊರೆಯುವಂತೆ ಮಾಡುವುದು ಇಂದು ಕಷ್ಟವಾದ ಕೆಲಸವಲ್ಲ.